ದತ್ತಸಂಚಯದ ಕಾಪು ಮತ್ತು ಮರುಸ್ಥಾಪನೆ: ಕನ್ನಡ ಆಕರ ಸಂಶೋಧಕರಿಗೆ ಒಂದು ವಿವರಣೆ

೧. ಪ್ರಶ್ನೆಯ ಸ್ವರೂಪ

ಹಸ್ತಪ್ರತಿ ಸೂಚಿ, ಶಾಸನ ಸೂಚಿ, ಪದಪ್ರಯೋಗ ಕೋಶ, ಸ್ಥಳನಾಮ ಸಂಗ್ರಹ ಮೊದಲಾದ ಆಕರ ಸಾಮಗ್ರಿಗಳು ಹಿಂದೆ ಕಾರ್ಡುಗಳಲ್ಲಿಯೂ ನೋಟುಪುಸ್ತಕಗಳಲ್ಲಿಯೂ ಇರುತ್ತಿದ್ದವು. ಇಂದು ಅವುಗಳಲ್ಲಿ ಬಹುಭಾಗ ಗಣಕಯಂತ್ರದ ದತ್ತಸಂಚಯಗಳನ್ನು, ಅಂದರೆ ಗಣಕ ವಿಭಾಗದವರು ಡೇಟಾಬೇಸ್ ಎಂದು ಕರೆಯುವ ವ್ಯವಸ್ಥೆಗಳನ್ನು, ಸೇರಿವೆ. ಇದರಿಂದ ಹುಡುಕುವ ಶ್ರಮ ಕಡಿಮೆಯಾಗಿದೆ ಎಂಬುದು ನಿರ್ವಿವಾದ. ಆದರೆ ಕಾರ್ಡಿನ ಪೆಟ್ಟಿಗೆಗೆ ಇಲ್ಲದಿದ್ದ ಒಂದು ಅಪಾಯ ಇದರೊಡನೆ ಬಂದಿದೆ. ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿದರೆ ನಾಲ್ಕು ಕಾರ್ಡು ಹೋಗುತ್ತಿದ್ದವು. ದತ್ತಸಂಚಯದಲ್ಲಿ ತಪ್ಪಾಗಿ ಕೊಟ್ಟ ಒಂದು ಆದೇಶದಿಂದ ಹದಿನೈದು ವರ್ಷದ ದುಡಿಮೆ ಒಂದು ಕ್ಷಣದಲ್ಲಿ ಅಳಿಸಿಹೋಗಬಹುದು.

ರಾಜ್ಯದ ಹೊರಗಿರುವ ಕನ್ನಡ ಪೀಠಗಳಿಗೆ ಈ ಅಪಾಯ ಇನ್ನಷ್ಟು ತೀವ್ರವಾದುದು. ಇಲ್ಲಿ ಅಧ್ಯಾಪಕರು ಕೆಲವರೇ. ಯೋಜನಾ ಸಹಾಯಕರು ಅವಧಿ ಮುಗಿದೊಡನೆ ಹೊರಡುತ್ತಾರೆ. ಯಂತ್ರ ಸಾಮಾನ್ಯವಾಗಿ ಒಂದೇ. ಖಾಸಗಿ ಮನೆತನಗಳಲ್ಲಿ, ಮಠಗಳಲ್ಲಿ, ಬಸದಿಗಳಲ್ಲಿ ಕುಳಿತು ತೆಗೆದುಕೊಂಡ ವಿವರಗಳನ್ನು ಮತ್ತೊಮ್ಮೆ ಪಡೆಯುವುದು ಎಷ್ಟೋ ಸಲ ಅಸಾಧ್ಯ. ಓಲೆಯ ಒಡೆಯರು ತೀರಿಕೊಂಡಿರುತ್ತಾರೆ, ಕಟ್ಟು ಎಲ್ಲಿಗೋ ಹೋಗಿರುತ್ತದೆ. ಅಂಥ ಸಂದರ್ಭದಲ್ಲಿ ನಮ್ಮ ಸೂಚಿಯ ನಮೂದೇ ಆ ಪ್ರತಿಯ ಏಕೈಕ ಸಾಕ್ಷಿಯಾಗಿ ಉಳಿಯುತ್ತದೆ.

ಪ್ರತಿಗಳ ಸಂಖ್ಯೆಗೂ ಕೃತಿಯ ಉಳಿವಿಗೂ ಇರುವ ಸಂಬಂಧ ನಮಗೆ ಹೊಸದಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಂದು ಉಪಲಬ್ಧವಿಲ್ಲ. ಆದರೆ ಪ್ರತಿ ಇದ್ದ ಮಾತ್ರಕ್ಕೆ ಪಾಠ ಉಳಿಯಿತೆಂದು ಗ್ರಂಥಸಂಪಾದಕನು ಹೇಳುವುದಿಲ್ಲ. ಅದು ಯಾವ ಮಾತೃಕೆಯಿಂದ ಹುಟ್ಟಿತು, ಎಂದು ಬರೆಯಲಾಯಿತು, ಅದರಲ್ಲಿ ಗರಿ ಲೋಪವಾಗಿದೆಯೇ, ಓದಲು ಸಾಧ್ಯವೇ ಎಂದು ಅವನು ಕೇಳುತ್ತಾನೆ. ದತ್ತಸಂಚಯದ ಬ್ಯಾಕಪ್ ಕುರಿತು ಕೇಳಬೇಕಾದ ಪ್ರಶ್ನೆಗಳೂ ಇವೇ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳಿಗೆ ತಾಂತ್ರಿಕವಾಗಿ ಉತ್ತರ ಹೇಗೆ ದೊರೆಯುತ್ತದೆ ಎಂಬುದನ್ನು ವಿವರಿಸಲು ಯತ್ನಿಸಲಾಗಿದೆ. ಉದಾಹರಣೆಗೆ ಪೋಸ್ಟ್‌ಗ್ರೆಸ್ ಎಂಬ, ಶುಲ್ಕವಿಲ್ಲದೆ ದೊರೆಯುವ ವ್ಯವಸ್ಥೆಯನ್ನು ಆರಿಸಿಕೊಂಡಿದ್ದೇನೆ. ತತ್ವಗಳು ಮೈಸೀಕ್ವೆಲ್, ಒರಾಕಲ್ ಮೊದಲಾದವುಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

೨. ಕಡತವನ್ನು ನಕಲು ಮಾಡಿದರೆ ಸಾಲದೆ?

ಸಂಬಂಧಾತ್ಮಕ ದತ್ತಸಂಚಯದ ಕಲ್ಪನೆಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ೧೯೭೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಂಡಿಸಿದನು. ಮಾಹಿತಿಯೆಲ್ಲವೂ ಕೋಷ್ಟಕಗಳಲ್ಲಿರಬೇಕು, ಕೋಷ್ಟಕಗಳ ನಡುವಣ ಸಂಬಂಧವನ್ನು ಅವುಗಳಲ್ಲಿರುವ ಮೌಲ್ಯಗಳೇ ಹೇಳಬೇಕು ಎಂಬುದು ಅದರ ತಿರುಳು. ಹಸ್ತಪ್ರತಿ ಸೂಚಿಯೊಂದರಲ್ಲಿ ಕಟ್ಟುಗಳಿಗೆ ಒಂದು ಕೋಷ್ಟಕ, ಕೃತಿಗಳಿಗೆ ಒಂದು, ಲಿಪಿಕಾರರಿಗೆ ಒಂದು, ಯಾವ ಕಟ್ಟಿನಲ್ಲಿ ಯಾವ ಕೃತಿ ಇದೆ ಎಂಬುದಕ್ಕೆ ಮತ್ತೊಂದು ಇರುತ್ತವೆ. ಮೂರು ಕೃತಿಗಳಿರುವ ಒಂದು ಹೊಸ ಕಟ್ಟನ್ನು ಸೇರಿಸುವಾಗ ಕಟ್ಟಿನ ಕೋಷ್ಟಕದಲ್ಲಿ ಒಂದು ಸಾಲು, ಲಿಪಿಕಾರರದರಲ್ಲಿ ಒಂದು, ಸಂಬಂಧದ ಕೋಷ್ಟಕದಲ್ಲಿ ಮೂರು, ಹೀಗೆ ಐದು ಸಾಲುಗಳು ಸೇರುತ್ತವೆ. ಈ ಐದೂ ಸೇರಬೇಕು, ಇಲ್ಲವೇ ಒಂದೂ ಸೇರಬಾರದು. ಇಂಥ ಅವಿಭಾಜ್ಯ ಕಾರ್ಯವನ್ನು ಟ್ರಾನ್ಸಾಕ್ಷನ್ ಎನ್ನುತ್ತಾರೆ. ಇಲ್ಲಿ ಅದನ್ನು ವ್ಯವಹಾರ ಎಂದು ಕರೆಯೋಣ.

ದತ್ತಸಂಚಯ ನಡೆಯುತ್ತಿರುವಾಗಲೇ ಅದರ ಕಡತಗಳನ್ನು ಸಾಮಾನ್ಯ ರೀತಿಯಲ್ಲಿ ನಕಲು ಮಾಡಿದರೆ ಆಗುವ ತೊಂದರೆ ಇದರಿಂದ ಸ್ಪಷ್ಟವಾಗುತ್ತದೆ. ನಕಲು ಮಾಡಲು ಹತ್ತು ನಿಮಿಷ ಹಿಡಿಯಿತೆನ್ನೋಣ. ಮೊದಲ ನಿಮಿಷದಲ್ಲಿ ಪ್ರತಿಯಾದ ಕೋಷ್ಟಕಕ್ಕೆ ಹೊಸ ಕಟ್ಟು ಇನ್ನೂ ಬಂದಿರುವುದಿಲ್ಲ; ಒಂಬತ್ತನೆಯ ನಿಮಿಷದಲ್ಲಿ ಪ್ರತಿಯಾದ ಕೋಷ್ಟಕದಲ್ಲಿ ಅದರ ಕೃತಿಗಳು ಬಂದಿರುತ್ತವೆ. ಜೊತೆಗೆ, ಬದಲಾದ ಪುಟಗಳಲ್ಲಿ ಕೆಲವು ಇನ್ನೂ ಯಂತ್ರದ ಸ್ಮೃತಿಯಲ್ಲಿಯೇ ಇದ್ದು ಡಿಸ್ಕಿಗೆ ಇಳಿದಿರುವುದಿಲ್ಲ. ಪರಿಣಾಮವಾಗಿ ದೊರೆಯುವುದು ಎಂದೂ ಅಸ್ತಿತ್ವದಲ್ಲಿರದಿದ್ದ ಒಂದು ಸಂಕರ ಪಾಠ. ಎರಡು ಮಾತೃಕೆಗಳನ್ನು ಮುಂದಿಟ್ಟುಕೊಂಡು ಅದಕ್ಕೊಂದು ಗರಿ ಇದಕ್ಕೊಂದು ಗರಿ ಬರೆದ ಪ್ರತಿಯಂತೆ ಅದು ಹೊರನೋಟಕ್ಕೆ ಪೂರ್ಣವಾಗಿರುತ್ತದೆ, ಆದರೆ ನಂಬಲು ಯೋಗ್ಯವಾಗಿರುವುದಿಲ್ಲ.

೩. ಕಿರ್ದಿ ಮೊದಲು, ಖಾತೆ ಆಮೇಲೆ

ಅಂಗಡಿಯ ಲೆಕ್ಕದಲ್ಲಿ ನಡೆದುದನ್ನು ನಡೆದ ಕ್ರಮದಲ್ಲಿ ಮೊದಲು ಕಿರ್ದಿ ಪುಸ್ತಕದಲ್ಲಿ ಬರೆದು, ಅನಂತರ ಆಯಾ ಖಾತೆಗೆ ಏರಿಸುತ್ತಾರೆ. ಖಾತೆ ಪುಸ್ತಕ ಕಳೆದುಹೋದರೂ ಹಳೆಯ ಬಾಕಿ ಮತ್ತು ಕಿರ್ದಿ ಇದ್ದರೆ ಅದನ್ನು ಮತ್ತೆ ಬರೆಯಬಹುದು. ದತ್ತಸಂಚಯಗಳೂ ಇದೇ ಶಿಸ್ತನ್ನು ಪಾಲಿಸುತ್ತವೆ. ಯಾವ ಬದಲಾವಣೆಯೇ ಆಗಲಿ, ಕೋಷ್ಟಕದ ಕಡತಕ್ಕೆ ಇಳಿಯುವ ಮೊದಲು ಲಾಗ್ ಎಂಬ ಅನುಕ್ರಮ ಕಡತದಲ್ಲಿ ದಾಖಲಾಗುತ್ತದೆ. ಆ ದಾಖಲೆ ಡಿಸ್ಕಿನಲ್ಲಿ ಭದ್ರವಾದ ಮೇಲೆಯೇ ವ್ಯವಹಾರ ಮುಗಿಯಿತೆಂದು ಬಳಕೆದಾರನಿಗೆ ತಿಳಿಸಲಾಗುತ್ತದೆ.

ಈ ತತ್ವವನ್ನು ವಿಸ್ತಾರವಾಗಿ ನಿರೂಪಿಸಿದ ಪ್ರಸಿದ್ಧ ಪ್ರಬಂಧ, ಏರೀಸ್ ಎಂಬ ವಿಧಾನವನ್ನು ಕುರಿತದ್ದು, ೧೯೯೨ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕರು ಮದರಾಸಿನ ಐಐಟಿಯಲ್ಲಿ ಓದಿ ಐಬಿಎಂ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಸಿ. ಮೋಹನ್. ವಿದ್ಯುತ್ತು ಹೋಗಿ ಯಂತ್ರ ನಿಂತು ಮತ್ತೆ ಹೊರಟಾಗ ಈ ವಿಧಾನದಲ್ಲಿ ಮೂರು ಹಂತಗಳಿವೆ: ಲಾಗನ್ನು ಓದಿ ಎಲ್ಲಿ ನಿಂತಿತೆಂದು ಅರಿಯುವುದು, ದಾಖಲಾದ ಬದಲಾವಣೆಗಳನ್ನು ಮತ್ತೆ ಮಾಡುವುದು, ಅಪೂರ್ಣ ವ್ಯವಹಾರಗಳನ್ನು ರದ್ದು ಮಾಡುವುದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿಯೊಂದು ಸಾಲಿನ ಹಳೆಯ ರೂಪವೂ ಸ್ವಲ್ಪ ಕಾಲ ಕೋಷ್ಟಕದಲ್ಲಿಯೇ ಉಳಿಯುವುದರಿಂದ ಮೂರನೆಯ ಹಂತದ ಅಗತ್ಯವಿಲ್ಲ. ಉಳಿದ ತತ್ವ ಒಂದೇ.

ಈ ವ್ಯವಸ್ಥೆ ಯಂತ್ರ ನಿಂತಾಗ ಕಾಯುತ್ತದೆಯೇ ಹೊರತು ಡಿಸ್ಕೇ ಕೆಟ್ಟಾಗ ಕಾಯುವುದಿಲ್ಲ ಎಂಬುದನ್ನು ಗಮನಿಸಬೇಕು. ಖಾತೆಯೂ ಕಿರ್ದಿಯೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಬೆಂಕಿಗೆ ಎರಡೂ ಆಹುತಿಯಾಗುತ್ತವೆ. ಆದುದರಿಂದ ಪ್ರತಿ ಬೇರೆಡೆಗೆ ಹೋಗಲೇಬೇಕು.

೪. ಎರಡು ಬಗೆಯ ಪ್ರತಿಗಳು

ಹೊರಗೆ ಒಯ್ಯುವ ಪ್ರತಿಯಲ್ಲಿ ಎರಡು ಬಗೆಗಳಿವೆ. ಮೊದಲನೆಯದು ತಾರ್ಕಿಕ ಪ್ರತಿ. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಎಂಬ ಉಪಕರಣ ಕೋಷ್ಟಕಗಳ ರಚನೆಯನ್ನೂ ಅವುಗಳಲ್ಲಿನ ಸಾಲುಗಳನ್ನೂ ಆದೇಶಗಳ ರೂಪದಲ್ಲಿ ಬರೆದುಕೊಡುತ್ತದೆ. ಅದು ಆರಂಭವಾದ ಕ್ಷಣದಲ್ಲಿ ದತ್ತಸಂಚಯ ಹೇಗಿತ್ತೋ ಹಾಗೆಯೇ ಕೊನೆಯ ತನಕ ಓದುತ್ತದೆ. ಆದುದರಿಂದ ಇತರರು ನಮೂದು ಮಾಡುತ್ತಿದ್ದರೂ ಸಂಕರ ಪಾಠದ ಭಯವಿಲ್ಲ, ಅವರ ಕೆಲಸಕ್ಕೆ ಅಡ್ಡಿಯೂ ಇಲ್ಲ. ಈ ಪ್ರತಿಯನ್ನು ಹೊಸ ಆವೃತ್ತಿಯಲ್ಲಿ, ಬೇರೆ ಯಂತ್ರದಲ್ಲಿ ಮರುಸ್ಥಾಪಿಸಬಹುದು. ಬೇಕಾದ ಒಂದು ಕೋಷ್ಟಕವನ್ನಷ್ಟೇ ತೆಗೆದುಕೊಳ್ಳಲೂಬಹುದು. ಇದರಲ್ಲಿ ಬಳಕೆದಾರರ ಹೆಸರು, ಅಧಿಕಾರಪಾತ್ರಗಳು ಬರುವುದಿಲ್ಲ ಎಂಬುದನ್ನು ಹಲವರು ಮರುಸ್ಥಾಪನೆಯ ದಿನವೇ ಕಂಡುಕೊಳ್ಳುತ್ತಾರೆ. ಅವನ್ನು ಪಿಜಿ-ಡಂಪ್‌ಆಲ್ ಎಂಬ ಜೊತೆ ಉಪಕರಣದಿಂದ ಪ್ರತ್ಯೇಕವಾಗಿ ತೆಗೆದಿಡಬೇಕು.

ಎರಡನೆಯದು ಭೌತಿಕ ಪ್ರತಿ. ಪಿಜಿ-ಬೇಸ್‌ಬ್ಯಾಕಪ್ ಎಂಬ ಉಪಕರಣ ಕಡತಗಳನ್ನು ಇದ್ದಂತೆಯೇ ತೆಗೆದುಕೊಂಡು, ನಕಲಿನ ಅವಧಿಯಲ್ಲಿ ಹುಟ್ಟಿದ ಲಾಗನ್ನೂ ಜೊತೆಗೆ ಕೊಡುತ್ತದೆ. ಮರುಸ್ಥಾಪನೆಯ ವೇಳೆ ಆ ಲಾಗನ್ನು ಓದಿ ಸಂಕರ ದೋಷ ನಿವಾರಣೆಯಾಗುತ್ತದೆ. ದೊಡ್ಡ ದತ್ತಸಂಚಯಗಳಿಗೆ ಇದು ವೇಗದ ದಾರಿ. ಆದರೆ ಇದು ಅದೇ ಮುಖ್ಯ ಆವೃತ್ತಿಗೆ ಮತ್ತು ಅದೇ ಬಗೆಯ ಯಂತ್ರಕ್ಕೆ ಬದ್ಧವಾದುದು.

ನಮ್ಮ ಸೂಚಿಗಳ ಗಾತ್ರವನ್ನು ಲೆಕ್ಕ ಹಾಕಿದರೆ ಆಯ್ಕೆ ಸುಲಭವಾಗುತ್ತದೆ. ಯುಟಿಎಫ್-೮ ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. 'ಹಸ್ತಪ್ರತಿ' ಎಂಬ ಪದದಲ್ಲಿ ವಿರಾಮಚಿಹ್ನೆ ಮತ್ತು ಸ್ವರಚಿಹ್ನೆಗಳೂ ಸೇರಿ ಒಂಬತ್ತು ಸಂಕೇತಗಳಿವೆ, ಅಂದರೆ ೨೭ ಬೈಟುಗಳು. ಪದವೊಂದಕ್ಕೆ ಸರಾಸರಿ ೨೫ ಬೈಟು ಎಂದಿಟ್ಟುಕೊಂಡರೆ ಇನ್ನೂರು ಪದಗಳ ನಮೂದಿಗೆ ೫,೦೦೦ ಬೈಟು, ಐವತ್ತು ಸಾವಿರ ನಮೂದುಗಳಿಗೆ ೨೫ ಕೋಟಿ ಬೈಟು. ಇದು ಇಂದಿನ ಯಂತ್ರಗಳಿಗೆ ಅತ್ಯಲ್ಪ. ದಿನಕ್ಕೊಂದು ತಾರ್ಕಿಕ ಪ್ರತಿಯಂತೆ ಒಂದು ತಿಂಗಳ ಪ್ರತಿಗಳನ್ನು ಸಣ್ಣ ಪೆನ್‌ಡ್ರೈವಿನಲ್ಲಿಯೂ ಇಡಬಹುದು. ಸ್ಥಳಾಭಾವವೆಂಬ ಕಾರಣವನ್ನು ಪಠ್ಯಸೂಚಿಗಳ ವಿಷಯದಲ್ಲಿ ಒಪ್ಪಲಾಗದು.

ಓಲೆಗರಿಗಳ ಛಾಯಾಚಿತ್ರಗಳ ಮಾತು ಬೇರೆ. ಅವು ಗಾತ್ರದಲ್ಲಿ ದೊಡ್ಡವಾದುದರಿಂದ ಸಾಮಾನ್ಯವಾಗಿ ದತ್ತಸಂಚಯದ ಹೊರಗೆ ಕಡತಗಳಾಗಿದ್ದು, ಒಳಗೆ ಅವುಗಳ ವಿಳಾಸ ಮಾತ್ರ ಇರುತ್ತದೆ. ಇಲ್ಲಿ ಕ್ರಮ ಮುಖ್ಯ. ಚಿತ್ರವನ್ನು ಮೊದಲು ಇಟ್ಟು ಆಮೇಲೆ ವಿಳಾಸವನ್ನು ನಮೂದಿಸುವ, ಇಟ್ಟ ಚಿತ್ರವನ್ನು ಅಳಿಸದಿರುವ ಪದ್ಧತಿ ಇರಬೇಕು. ಬ್ಯಾಕಪ್ ವೇಳೆ ಮೊದಲು ದತ್ತಸಂಚಯದ ಪ್ರತಿ ತೆಗೆದು, ಆಮೇಲೆ ಚಿತ್ರಗಳ ಪ್ರತಿ ತೆಗೆಯಬೇಕು. ಹೀಗಾದರೆ ಪ್ರತಿಯಲ್ಲಿರುವ ಪ್ರತಿಯೊಂದು ವಿಳಾಸಕ್ಕೂ ಅದರ ಚಿತ್ರ ಇದ್ದೇ ಇರುತ್ತದೆ. ಕ್ರಮ ತಿರುವುಮುರುವಾದರೆ ನಡುವೆ ಬಂದ ನಮೂದುಗಳಿಗೆ ಚಿತ್ರವಿಲ್ಲದಂತಾಗುತ್ತದೆ.

೫. ಬೇಕಾದ ಕ್ಷಣಕ್ಕೆ ಹಿಂದಿರುಗುವುದು

ರಾತ್ರಿ ಒಂದು ಗಂಟೆಗೆ ಪ್ರತಿ ತೆಗೆದು, ಮರುದಿನ ಸಂಜೆ ಐದಕ್ಕೆ ಡಿಸ್ಕು ಕೆಟ್ಟರೆ ಒಂದು ದಿನದ ಕೆಲಸ ಹೋಯಿತು. ಇಬ್ಬರು ನಮೂದಿಸುವಲ್ಲಿ ಇದು ಸಹ್ಯ. ಇಪ್ಪತ್ತು ಮಂದಿ ನಮೂದಿಸುವಲ್ಲಿ ಅಲ್ಲ. ಆದುದರಿಂದ ಯಾವುದೇ ಯೋಜನೆ ಎರಡು ಪ್ರಶ್ನೆಗಳಿಂದ ಆರಂಭವಾಗಬೇಕು: ಎಷ್ಟು ಹೊತ್ತಿನ ಕೆಲಸ ಹೋದರೆ ತಾಳಿಕೊಳ್ಳಬಹುದು? ಎಷ್ಟು ಹೊತ್ತಿನೊಳಗೆ ಮತ್ತೆ ಕೆಲಸ ಸಾಗಬೇಕು?

ಮೊದಲ ಪ್ರಶ್ನೆಗೆ ಕೆಲವೇ ನಿಮಿಷ ಎಂಬ ಉತ್ತರ ಬಂದರೆ ಲಾಗನ್ನೇ ಬೇರೆಡೆ ಸಂಗ್ರಹಿಸುತ್ತ ಹೋಗಬೇಕು. ಭಾನುವಾರದ ಭೌತಿಕ ಪ್ರತಿಯೂ ಅಂದಿನಿಂದ ಇಂದಿನವರೆಗಿನ ಲಾಗೂ ಇದ್ದರೆ ನಡುವಣ ಯಾವ ಕ್ಷಣಕ್ಕಾದರೂ ಹಿಂದಿರುಗಬಹುದು. ಬುಧವಾರ ೧೧ ಗಂಟೆ ೪೦ ನಿಮಿಷಕ್ಕೆ ಯಾರೋ ಷರತ್ತು ಬರೆಯದೆ ಅಳಿಸುವ ಆದೇಶ ಕೊಟ್ಟರೆ, ೧೧ ಗಂಟೆ ೩೯ ನಿಮಿಷದ ಸ್ಥಿತಿಯನ್ನು ಪಡೆಯಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಲಭ್ಯ ೨೦೦೫ರಲ್ಲಿ ಬಿಡುಗಡೆಯಾದ ೮.೦ ಆವೃತ್ತಿಯಿಂದ ಇದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಲಾಗಿನ ಕಡತಗಳು ಒಂದು ಸರಪಳಿಯಂತೆ. ನಡುವೆ ಒಂದು ಕೊಂಡಿ ತಪ್ಪಿದರೆ ಮರುಸ್ಥಾಪನೆ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದಾಗಿ, ಒಂದೊಂದು ಕಡತದ ಗಾತ್ರ ಸಾಮಾನ್ಯವಾಗಿ ೧೬ ಮೆಗಾಬೈಟು. ಅದು ತುಂಬಿದ ಮೇಲೆಯೇ ಸಂಗ್ರಹಕ್ಕೆ ಹೋಗುತ್ತದೆ. ಬ್ಯಾಂಕಿನಲ್ಲಿ ಅದು ಬೇಗ ತುಂಬುತ್ತದೆ. ನಮ್ಮ ಪೀಠಗಳಲ್ಲಿ ತುಂಬಲು ದಿನಗಳೇ ಬೇಕಾಗಬಹುದು. ಆದುದರಿಂದ ತುಂಬಲಿ ಬಿಡಲಿ, ಇಷ್ಟು ಹೊತ್ತಿಗೊಮ್ಮೆ ಕಡತವನ್ನು ಬದಲಿಸು ಎಂಬ ಅವಧಿಯನ್ನು ನಿಗದಿಪಡಿಸಬೇಕು. ಸಣ್ಣ ಸಂಸ್ಥೆಗಳು ಇದನ್ನು ಕಡೆಗಣಿಸುವ ಸಂಭವ ಹೆಚ್ಚು.

ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಎರಡನೆಯ ಯಂತ್ರವೊಂದು ಮೊದಲನೆಯದನ್ನು ಕ್ಷಣಕ್ಷಣವೂ ಅನುಕರಿಸುತ್ತಿದ್ದರೆ ಬ್ಯಾಕಪ್ ಬೇಡವೆಂದು ಹಲವರು ಭಾವಿಸುತ್ತಾರೆ. ಅನುಕರಿಸುವ ಯಂತ್ರ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಅನುಕರಿಸುತ್ತದೆ. ಇಲ್ಲಿ ಅಳಿಸಿದ್ದು ಮರುಕ್ಷಣ ಅಲ್ಲಿಯೂ ಅಳಿಯುತ್ತದೆ. ಅದು ಯಂತ್ರ ಕೆಟ್ಟಾಗ ಒದಗುವ ಬದಲಿ ಯಂತ್ರವೇ ಹೊರತು ಬ್ಯಾಕಪ್ ಅಲ್ಲ.

೬. ೨೦೧೭ರ ಒಂದು ಪ್ರಸಂಗ

ತಜ್ಞರಿಂದ ತುಂಬಿದ ಸಂಸ್ಥೆಯಲ್ಲಿಯೂ ಪ್ರತಿಗಳು ಹೇಗೆ ಕೈಕೊಡುತ್ತವೆ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಪ್ರಸಂಗ ನಿದರ್ಶನ. ೨೦೧೭ರ ಜನವರಿ ೩೧ರಂದು ಅಲ್ಲಿಯ ಅನುಕರಣ ಯಂತ್ರವನ್ನು ಸರಿಪಡಿಸುತ್ತಿದ್ದ ಇಂಜಿನಿಯರೊಬ್ಬರು ಆ ಯಂತ್ರದ ಕಡತಗಳನ್ನು ಅಳಿಸುವ ಬದಲು ಮುಖ್ಯ ಯಂತ್ರದವನ್ನೇ ಅಳಿಸಿದರು. ತಪ್ಪು ಗಮನಕ್ಕೆ ಬಂದು ನಿಲ್ಲಿಸುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟಿನಲ್ಲಿ ನಾಲ್ಕೂವರೆ ಗಿಗಾಬೈಟು ಉಳಿದಿತ್ತು.

ಬ್ಯಾಕಪ್ ವ್ಯವಸ್ಥೆಗಳು ಹಲವಿದ್ದವು. ಪಿಜಿ-ಡಂಪ್ ಪ್ರತಿಗಳನ್ನು ಹುಡುಕಿದಾಗ ಅವು ಇರಲೇ ಇಲ್ಲ: ದತ್ತಸಂಚಯ ೯.೬ ಆವೃತ್ತಿಯದು, ಉಪಕರಣ ೯.೨ ಆವೃತ್ತಿಯದು. ಹೊಂದಾಣಿಕೆಯಾಗದೆ ಅದು ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾದಾಗ ಹೋಗಬೇಕಾದ ಎಚ್ಚರಿಕೆಯ ಮಿಂಚಂಚೆಗಳನ್ನು ಸಹಿಯಿಲ್ಲವೆಂಬ ಕಾರಣದಿಂದ ಅಂಚೆ ವ್ಯವಸ್ಥೆಯೇ ತಿರಸ್ಕರಿಸಿತ್ತು. ಡಿಸ್ಕಿನ ನಿಯತ ಬಿಂಬಗಳನ್ನು ತೆಗೆಯುವ ವ್ಯವಸ್ಥೆಯನ್ನು ದತ್ತಸಂಚಯದ ಯಂತ್ರಗಳಿಗೆ ಅಳವಡಿಸಿರಲಿಲ್ಲ. ಕೊನೆಗೆ ಒದಗಿದ್ದು ಬೇರೊಂದು ಉದ್ದೇಶಕ್ಕಾಗಿ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಬಿಂಬ. ಅದರಿಂದ ಮರುದಿನ ಸೇವೆ ಮತ್ತೆ ಆರಂಭವಾಯಿತು. ಆ ಆರು ಗಂಟೆಗಳ ದತ್ತ, ಸಂಸ್ಥೆಯ ಅಂದಾಜಿನಂತೆ ೫,೦೦೦ದಷ್ಟು ಯೋಜನೆಗಳು, ೫,೦೦೦ದಷ್ಟು ಟಿಪ್ಪಣಿಗಳು, ಸುಮಾರು ೭೦೦ ಬಳಕೆದಾರರ ಖಾತೆಗಳು, ಮರಳಲಿಲ್ಲ. ಸಂಸ್ಥೆ ಈ ವಿವರಗಳನ್ನೆಲ್ಲ ತಾನೇ ಬಹಿರಂಗವಾಗಿ ಪ್ರಕಟಿಸಿತೆಂಬುದು ಶ್ಲಾಘನೀಯ.

ಅಳಿಸಿದ ಕೈಗಿಂತ ಇಲ್ಲಿ ವಿಚಾರಾರ್ಹವಾದುದು ಮತ್ತೊಂದು. ಮನುಷ್ಯನ ಕೈ ಎಂದಾದರೂ ತಪ್ಪುತ್ತದೆ, ಅದಕ್ಕಾಗಿಯೇ ಪ್ರತಿಗಳು. ಆ ಪ್ರತಿಗಳು ಇವೆಯೇ ಎಂದು ಅಗತ್ಯಕ್ಕೆ ಮೊದಲು ಯಾರೂ ತೆರೆದು ನೋಡಿರಲಿಲ್ಲ. 'ದೋಷದ ಸುದ್ದಿ ಬಂದಿಲ್ಲ' ಎಂಬುದನ್ನು 'ದೋಷವಿಲ್ಲ' ಎಂದು ಅರ್ಥೈಸಲಾಗಿತ್ತು.

೭. ಕನ್ನಡ ಪಠ್ಯದ ವಿಶೇಷ ಸಮಸ್ಯೆಗಳು

ಬೈಟುಗಳು ಉಳಿದರೂ ಅಕ್ಷರ ಉಳಿಯದಿರುವ ಸಂಭವ ನಮ್ಮ ಭಾಷೆಯಲ್ಲಿ ಉಂಟು. ಯುನಿಕೋಡ್ ರೂಢಿಗೆ ಬರುವ ಮೊದಲು ನಮೂದಿಸಿದ ಸಾಮಗ್ರಿ ಆಯಾ ತಂತ್ರಾಂಶದ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದುದು. ಆ ಫಾಂಟು ಇಲ್ಲದಿದ್ದರೆ ಅದು ಅರ್ಥಹೀನ ಚಿಹ್ನೆಗಳ ಸಾಲು. ಅಂಥ ದತ್ತಸಂಚಯದ ಬ್ಯಾಕಪ್‌ನಲ್ಲಿ ಮೂಲದ ಬೈಟುಗಳು, ಆ ಫಾಂಟು, ಯುನಿಕೋಡಿಗೆ ಪರಿವರ್ತಿಸಿದ ಪ್ರತಿ ಈ ಮೂರೂ ಇರಬೇಕು. ಪರಿವರ್ತನೆಯಲ್ಲಿ ತಪ್ಪಾಗಿದ್ದರೆ ಮೂಲಕ್ಕೆ ಹಿಂದಿರುಗಲು ಅದೊಂದೇ ದಾರಿ.

ಪ್ರತಿ ತೆಗೆಯುವಾಗಲಾಗಲಿ ಮರುಸ್ಥಾಪಿಸುವಾಗಲಾಗಲಿ ಸಂಕೇತ ಪದ್ಧತಿಯನ್ನು ತಪ್ಪಾಗಿ ಸೂಚಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡಬಹುದು. ಇಂಗ್ಲಿಷ್ ಅಕ್ಷರಗಳಿಗೂ ಅಂಕಿಗಳಿಗೂ ಏನೂ ಆಗದಿರುವುದರಿಂದ ಕನ್ನಡ ಬಾರದ ತಂತ್ರಜ್ಞರು ಎಲ್ಲವೂ ಸರಿಯಿದೆ ಎಂದೇ ಹೇಳುತ್ತಾರೆ. ರಾಜ್ಯದ ಹೊರಗಿನ ವಿಶ್ವವಿದ್ಯಾಲಯಗಳ ಗಣಕ ಕೇಂದ್ರಗಳಲ್ಲಿ ಇದು ಸಹಜ. ಪರೀಕ್ಷೆಯನ್ನು ಕನ್ನಡ ಓದಬಲ್ಲವರೇ ಮಾಡಬೇಕು.

ಅಕಾರಾದಿ ಕ್ರಮದಿಂದಲೂ ಒಂದು ತೊಡಕುಂಟು. ದತ್ತಸಂಚಯ ತನ್ನ ಒಳಸೂಚಿಗಳನ್ನು ಕಾರ್ಯಾಚರಣ ವ್ಯವಸ್ಥೆಯ ಅಕ್ಷರಕ್ರಮದ ನಿಯಮಗಳಂತೆ ಕಟ್ಟಿರಬಹುದು. ೨೦೧೮ರಲ್ಲಿ ಲಿನಕ್ಸಿನ ಜಿ-ಲಿಬ್‌ಸಿ ಗ್ರಂಥಾಲಯದ ೨.೨೮ ಆವೃತ್ತಿಯಲ್ಲಿ ಈ ನಿಯಮಗಳು ವ್ಯಾಪಕವಾಗಿ ಬದಲಾದವು. ಹಳೆಯ ಯಂತ್ರದ ಭೌತಿಕ ಪ್ರತಿಯನ್ನು ಹೊಸ ವ್ಯವಸ್ಥೆಯಲ್ಲಿ ಇಟ್ಟರೆ ಕೋಷ್ಟಕ ಸರಿಯಾಗಿದ್ದು ಒಳಸೂಚಿ ತಪ್ಪಾಗುತ್ತದೆ. ಇರುವ ನಮೂದನ್ನು ಇಲ್ಲ ಎನ್ನುತ್ತದೆ. ಆಗ ಒಳಸೂಚಿಗಳನ್ನು ಮತ್ತೆ ಕಟ್ಟಿಸಬೇಕು. ತಾರ್ಕಿಕ ಪ್ರತಿಯಲ್ಲಿ ಅವು ಹೊಸದಾಗಿಯೇ ಕಟ್ಟಲ್ಪಡುವುದರಿಂದ ಈ ತೊಂದರೆಯಿಲ್ಲ.

ಕೊನೆಯದು, ಸದ್ದಿಲ್ಲದೆ ಆಗುವ ನಷ್ಟ. ಹಳಗನ್ನಡದ ಪರಿಚಯವಿಲ್ಲದ ಸಹಾಯಕರೊಬ್ಬರು ಱ ಮತ್ತು ೞ ಅಕ್ಷರಗಳನ್ನು ಮುದ್ರಣದೋಷವೆಂದು ಬಗೆದು ಇಡೀ ಕೋಷ್ಟಕದಲ್ಲಿ ರ ಮತ್ತು ಳ ಎಂದು ಬದಲಿಸಿದರೆನ್ನೋಣ. ಯಂತ್ರಕ್ಕೆ ಇದು ಕ್ರಮಬದ್ಧವಾದ ವ್ಯವಹಾರ. ಯಾರ ಕಣ್ಣಿಗಾದರೂ ಬೀಳುವಷ್ಟರಲ್ಲಿ ಆರು ತಿಂಗಳು ಕಳೆದಿರಬಹುದು. ಏಳು ದಿನಗಳ ಪ್ರತಿಗಳನ್ನಷ್ಟೇ ಇಟ್ಟಿದ್ದರೆ ಏಳರಲ್ಲಿಯೂ ಕೆಟ್ಟ ಪಾಠವೇ. ದಿನದ ಪ್ರತಿ ಒಂದು ವಾರ, ವಾರದ ಪ್ರತಿ ಕೆಲವು ತಿಂಗಳು, ತಿಂಗಳ ಪ್ರತಿ ಕೆಲವು ವರ್ಷ, ವರ್ಷದ ಪ್ರತಿ ಶಾಶ್ವತ ಎಂಬ ಶ್ರೇಣಿ ಇರಬೇಕಾದುದು ಇದಕ್ಕಾಗಿಯೇ.

೮. ಸಣ್ಣ ಪೀಠಕ್ಕೆ ಸಾಧ್ಯವಾದ ಕ್ರಮ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದನು. ನಮ್ಮ ಪೀಠಗಳು ಬೇರೆಬೇರೆ ನಗರಗಳಲ್ಲಿ ಹಂಚಿಹೋಗಿರುವುದು ಈ ಮಟ್ಟಿಗೆ ಅನುಕೂಲವೇ ಆಗಿದೆ. ಮುಂಬಯಿಯ ಪ್ರತಿ ಚೆನ್ನೈಯಲ್ಲಿ, ಚೆನ್ನೈಯದು ದೆಹಲಿಯಲ್ಲಿ ಇರುವಂತೆ ಪರಸ್ಪರ ಒಪ್ಪಂದ ಮಾಡಿಕೊಳ್ಳಬಹುದು. ಒಂದು ಪ್ರತಿಯಾದರೂ ಯಾವ ಯಂತ್ರಕ್ಕೂ ಜೋಡಿಸದೆ ಬೀರುವಿನಲ್ಲಿರಬೇಕು. ಯಂತ್ರದೊಳಗೆ ನುಗ್ಗಿದ ದುಷ್ಟ ತಂತ್ರಾಂಶ ಜೋಡಿಸಿದ ಡಿಸ್ಕುಗಳನ್ನೆಲ್ಲ ಕೆಡಿಸಬಲ್ಲದು.

ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರವೊಂದರಲ್ಲಿ ಪೂರ್ಣ ಮರುಸ್ಥಾಪನೆ ಮಾಡಿ ನೋಡಬೇಕು. ಕೋಷ್ಟಕವಾರು ಸಾಲುಗಳ ಸಂಖ್ಯೆಯನ್ನು ತಾಳೆ ಹಾಕಬೇಕು. ಮೊದಲೇ ಗೊತ್ತುಮಾಡಿದ ಇಪ್ಪತ್ತು ನಮೂದುಗಳನ್ನು ಕಣ್ಣಿನಿಂದ ಓದಬೇಕು. ಅವುಗಳಲ್ಲಿ ಱ, ೞ, ಮೂರು ವ್ಯಂಜನಗಳ ಒತ್ತಕ್ಷರ, ಕನ್ನಡ ಅಂಕಿ ಇರುವಂತೆ ಆರಿಸಿಕೊಳ್ಳಬೇಕು. ಎಷ್ಟು ಹೊತ್ತು ಹಿಡಿಯಿತೆಂಬುದನ್ನು ದಿನಾಂಕಸಹಿತ ಬರೆದಿಡಬೇಕು. ಈ ಅಭ್ಯಾಸವನ್ನು ವ್ಯವಸ್ಥೆ ಕಟ್ಟಿದವರಿಂದಲ್ಲದೆ ಬೇರೊಬ್ಬರಿಂದ, ಲಿಖಿತ ಸೂಚನೆಗಳನ್ನಷ್ಟೇ ಕೈಗೆ ಕೊಟ್ಟು ಮಾಡಿಸುವುದು ಮೇಲು. ಸೂಚನೆಯಲ್ಲಿ ಬಿಟ್ಟುಹೋದ ಹೆಜ್ಜೆಗಳು ಆಗಲೇ ಬಯಲಾಗುವುದು.

ಆ ಸೂಚನೆಗಳು ಕಾಗದದ ಮೇಲಿರಬೇಕು. ದತ್ತಸಂಚಯದ ಯಂತ್ರದೊಳಗೇ ಇಟ್ಟ ಸೂಚನೆ ಯಂತ್ರ ಹೋದಾಗ ದೊರೆಯದು. ಪ್ರತಿಗಳಿಗೆ ಗುಪ್ತಪದ ಹಾಕಿದ್ದರೆ ಅದು ಇಬ್ಬರಿಗೆ ತಿಳಿದಿರಬೇಕು, ಮೊಹರು ಮಾಡಿದ ಲಕೋಟೆಯಲ್ಲಿ ವಿಭಾಗದ ತಿಜೋರಿಯಲ್ಲಿಯೂ ಇರಬೇಕು. ಇವುಗಳ ಜೊತೆಗೆ ವರ್ಷಕ್ಕೊಮ್ಮೆ ಎಲ್ಲ ಕೋಷ್ಟಕಗಳನ್ನೂ ಸರಳ ಪಠ್ಯವಾಗಿ ತೆಗೆದು, ಯಾವ ಅಂಕಣದ ಅರ್ಥವೇನು ಎಂಬ ಕನ್ನಡ ವಿವರಣೆಯೊಡನೆ ಗ್ರಂಥಾಲಯಕ್ಕೆ ಸಲ್ಲಿಸುವುದು ಒಳಿತು. ಪೋಸ್ಟ್‌ಗ್ರೆಸ್‌ನ ಒಂದೊಂದು ಮುಖ್ಯ ಆವೃತ್ತಿಗೆ ಅದರ ನಿರ್ಮಾಪಕರ ಬೆಂಬಲವಿರುವುದು ಐದು ವರ್ಷ ಮಾತ್ರ. ನಮ್ಮ ಸೂಚಿಗಳು ಅದಕ್ಕಿಂತ ದೀರ್ಘಕಾಲ ಬದುಕಬೇಕಾದವು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಬ್ಯಾಕಪ್ ಎಂಬುದು ಒಂದು ಕ್ಷಣದ ಸುಸಂಗತ ಪಾಠವಾಗಿರಬೇಕು. ಎರಡು, ತಡವಾಗಿ ಬಯಲಾಗುವ ತಪ್ಪುಗಳಿಗಾಗಿ ಹಳೆಯ ಪ್ರತಿಗಳೂ ಉಳಿಯಬೇಕು. ಮೂರು, ತೆರೆದು ಓದದ ಪ್ರತಿ ಇದ್ದೂ ಇಲ್ಲದಂತೆ. ಇದಕ್ಕೆ ಬೇಕಾದ ಹಣ ಅಲ್ಪ. ಬೇಕಾದುದು ನಿಯಮಿತವಾಗಿ ಆ ಕೆಲಸವನ್ನು ನೋಡುವ ಒಬ್ಬ ಹೊಣೆಗಾರ. ಯೋಜನೆಯ ಅನುದಾನಕ್ಕೆ ಅರ್ಜಿ ಸಲ್ಲಿಸುವಾಗಲೇ ಆ ಹೊಣೆಯನ್ನು ಯಾರು ಹೊರುವರು, ಅವಧಿ ಮುಗಿದ ಮೇಲೆ ಯಾರಿಗೆ ಒಪ್ಪಿಸುವರು ಎಂಬುದನ್ನು ಬರೆದು ಸೇರಿಸುವ ಪದ್ಧತಿ ನಮ್ಮ ಪೀಠಗಳಲ್ಲಿ ಬೆಳೆಯಬೇಕಾಗಿದೆ.